‘ತೆರಿಗೆ ಇಳಿಕೆ’ ಸುದ್ದಿ ಬಂದಾಗ ಪೇಪರ್ ಓದುವುದು ಹೇಗೆ, ಟಿವಿ ನೋಡುವುದು ಹೇಗೆ

ಬಜೆಟ್ ಮುಗಿದ ಮರುದಿನ ದಾವಣಗೆರೆಯ ನನ್ನ ಕಚೇರಿಗೆ ಬರುವವರು ಕೇಳುವುದು ಒಂದೇ ಪ್ರಶ್ನೆ: “ನನಗೆ ಎಷ್ಟು ಉಳೀತು?” ಸರಿಯಾದ ಪ್ರಶ್ನೆಯೇ. ಅದಕ್ಕೆ ಉತ್ತರ ಅವರ ಕೈಯಲ್ಲಿರುವ ಪೇಪರಿನಲ್ಲೇ ಇರಬೇಕಿತ್ತು. ಆದರೆ ಮುಖಪುಟದ ತುಂಬ “ಬಂಪರ್” ಇರುತ್ತದೆ. ಪಕ್ಕದಲ್ಲಿ ಒಬ್ಬ ನಾಯಕರ ಹೊಗಳಿಕೆ, ಕೆಳಗೆ ಇನ್ನೊಬ್ಬರ ಟೀಕೆ. ಲೆಕ್ಕ ಎಲ್ಲೋ ಒಳಪುಟದ ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ ಇರುತ್ತದೆ. ಟಿವಿಯಲ್ಲಂತೂ ಅದೂ ಸಿಗುವುದು ಕಷ್ಟ.

ನಾನು ತೆರಿಗೆ ರಿಟರ್ನ್ ಸಲ್ಲಿಸಿಕೊಡುವ ಕೆಲಸ ಮಾಡುತ್ತೇನೆ. ಮೇಷ್ಟ್ರುಗಳು, ನಿವೃತ್ತ ಬ್ಯಾಂಕ್ ನೌಕರರು, ಮಂಡಿಪೇಟೆಯ ಅಂಗಡಿಯವರು ನನ್ನ ಗಿರಾಕಿಗಳು. ತೆರಿಗೆ ಇಳಿಸಿದ್ದು ಒಳ್ಳೆಯದೋ ಕೆಟ್ಟದ್ದೋ ಎಂದು ನಾನು ಅವರಿಗೆ ಹೇಳುವುದಿಲ್ಲ. ಅದು ಅವರವರಿಗೆ ಬಿಟ್ಟದ್ದು. ಆದರೆ ಅದನ್ನು ತೀರ್ಮಾನ ಮಾಡಲು ಬೇಕಾದ ಅಂಕಿಯೇ ಅವರಿಗೆ ಸಿಗುವುದಿಲ್ಲ. ಅದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ. ಜನ ಈ ಸುದ್ದಿ ನಂಬಿ ಫಂಡ್ ಮಾರುತ್ತಾರೆ, ಗಾಡಿ ಬುಕ್ ಮಾಡುತ್ತಾರೆ, ಓಟು ಹಾಕುತ್ತಾರೆ. ಹಾಗಾಗಿ ನಾನು ಅವರಿಗೆ ಹಾಳೆಯ ಮೇಲೆ ಬರೆದು ತೋರಿಸುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಒಂದು ಪೆನ್ನು, ಮೊಬೈಲಿನ ಕ್ಯಾಲ್ಕುಲೇಟರ್, ಹೋದ ತಿಂಗಳ ಕಿರಾಣಿ ಬಿಲ್, ಸಂಬಳದ್ದೋ ಪಿಂಚಣಿಯದ್ದೋ ಸ್ಲಿಪ್. ಇಷ್ಟಿದ್ದರೆ ಸಾಕು.

ಹೆಡ್‌ಲೈನ್ ಬಿಡಿ, ನಿಮ್ಮ ಸ್ಲಿಪ್‌ನಿಂದ ಶುರು ಮಾಡಿ

2025ರ ಫೆಬ್ರುವರಿ 1ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಬಜೆಟ್ ಮಂಡಿಸಿದರು. ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ತೆರಿಗೆ ಇಲ್ಲ ಎಂದರು. ಸಂಬಳದವರಿಗೆ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ (ತೆರಿಗೆ ಲೆಕ್ಕಕ್ಕೆ ಮುಂಚೆಯೇ ಸಂಬಳದಿಂದ ಕಳೆಯುವ ಮೊತ್ತ) ಸೇರಿ ಅದು 12.75 ಲಕ್ಷ. ಫೆಬ್ರುವರಿ 5ಕ್ಕೆ ದೆಹಲಿ ವಿಧಾನಸಭೆಗೆ ಮತದಾನ ಇತ್ತು. ನಾನು ನೋಡಿದ ಚರ್ಚೆಗಳಲ್ಲಿ ಬಹುಪಾಲು ಹೊತ್ತು, ಇದರಿಂದ ಅಲ್ಲಿ ಯಾರಿಗೆ ಓಟು ಬರುತ್ತದೆ ಎನ್ನುವುದಕ್ಕೇ ಹೋಯಿತು. ಅದೂ ಕೇಳಬೇಕಾದ ಪ್ರಶ್ನೆಯೇ. ಆದರೆ ಅದರಿಂದ ನಿಮ್ಮ ತೆರಿಗೆ ಎಷ್ಟು ಎಂದು ಗೊತ್ತಾಗುವುದಿಲ್ಲ.

ಆ ವಾರ ನನ್ನ ಹತ್ತಿರ ಜಾಸ್ತಿ ಬಂದ ಗೊಂದಲ ಇದು. “ನನ್ನ ಆದಾಯ 13 ಲಕ್ಷ. 12 ಲಕ್ಷದವರೆಗೆ ಇಲ್ಲ ಅಂದಮೇಲೆ, ಉಳಿದ 1 ಲಕ್ಷಕ್ಕೆ ಮಾತ್ರ ತೆರಿಗೆ ಅಲ್ವಾ?” ಅಲ್ಲ. ಸ್ಲ್ಯಾಬ್, ಅಂದರೆ ತೆರಿಗೆಯ ಹಂತ, ಶುರುವಾಗುವುದು 4 ಲಕ್ಷದಿಂದ. 4ರಿಂದ 8 ಲಕ್ಷಕ್ಕೆ ಶೇ 5, ಅಂದರೆ 20,000. 8ರಿಂದ 12 ಲಕ್ಷಕ್ಕೆ ಶೇ 10, ಅಂದರೆ 40,000. ಅಲ್ಲಿಗೆ 60,000 ಆಯಿತು. ಆದಾಯ 12 ಲಕ್ಷದ ಒಳಗೆ ಇದ್ದರೆ ಈ 60,000ವನ್ನು ‘ರಿಬೇಟ್’ ಎಂದು ಸರ್ಕಾರ ಬಿಟ್ಟುಕೊಡುತ್ತದೆ. ಗೆರೆ ದಾಟಿದರೆ ರಿಬೇಟ್ ಇಲ್ಲ. ಡಿಡಕ್ಷನ್ ಕಳೆದ ಮೇಲೂ 13 ಲಕ್ಷ ಇರುವವರಿಗೆ 60,000ದ ಮೇಲೆ ಇನ್ನೊಂದು 15,000 ಸೇರಿ 75,000. ತೆರಿಗೆಯ ಮೇಲೆ ಹಾಕುವ ಶೇ 4ರ ಸೆಸ್ ಸೇರಿದರೆ 78,000. ಗೆರೆಯಿಂದ ಸ್ವಲ್ಪವೇ ಆಚೆ ಇರುವವರಿಗೆ ರಿಯಾಯಿತಿ ಇದೆ. 12 ಲಕ್ಷದ 10 ಸಾವಿರ ಇದ್ದರೆ ತೆರಿಗೆ 61,500 ಅಲ್ಲ, ಹೆಚ್ಚೆಂದರೆ ಆ 10,000, ಅದರ ಮೇಲೆ ಸೆಸ್. ಇಷ್ಟನ್ನು ಒಂದು ಪ್ಯಾರಾದಲ್ಲಿ ಬರೆಯಬಹುದು. ಎಷ್ಟೋ ಕಡೆ ಬರೆದಿರಲಿಲ್ಲ.

ಇನ್ನೊಂದು ಗೊಂದಲ ಇದಕ್ಕಿಂತ ದುಬಾರಿ. ನಿವೃತ್ತ ಶಿಕ್ಷಕಿಯೊಬ್ಬರು ಮಗಳ ಮನೆಗೆ ಹಣ ಹೊಂದಿಸಲು ಮ್ಯೂಚುವಲ್ ಫಂಡ್ ಮಾರಲು ಹೊರಟಿದ್ದರು. ಪಿಂಚಣಿ ವರ್ಷಕ್ಕೆ 6 ಲಕ್ಷ, ಈಕ್ವಿಟಿ ಫಂಡ್ ಮಾರಿದರೆ ಬರುವ ದೀರ್ಘಾವಧಿ ಲಾಭ 4 ಲಕ್ಷ. ಒಟ್ಟು 10 ಲಕ್ಷ, 12ರ ಒಳಗೇ ಇದೆ, ಹಾಗಾಗಿ ತೆರಿಗೆ ಸೊನ್ನೆ ಎಂದುಕೊಂಡಿದ್ದರು. ಆದರೆ ಈ ರಿಬೇಟ್ ಬಂಡವಾಳ ಲಾಭದಂಥ ವಿಶೇಷ ದರದ ಆದಾಯಕ್ಕೆ ಸಿಗುವುದಿಲ್ಲ. ಪಿಂಚಣಿಗೆ ತೆರಿಗೆ ಸೊನ್ನೆ, ನಿಜ. ಲಾಭದಲ್ಲಿ 1.25 ಲಕ್ಷ ಕಳೆದು ಉಳಿದ 2.75 ಲಕ್ಷಕ್ಕೆ ಶೇ 12.5. ಸೆಸ್ ಸೇರಿ 35,750 ರೂಪಾಯಿ. ಅವರು ಅರ್ಧ ಆ ಆರ್ಥಿಕ ವರ್ಷ, ಅರ್ಧ ಏಪ್ರಿಲ್ ನಂತರ ಮಾರಿದರು. ಎರಡೂ ವರ್ಷ 1.25 ಲಕ್ಷದ ವಿನಾಯಿತಿ ಸಿಕ್ಕಿತು, ತೆರಿಗೆ ಸಾಕಷ್ಟು ಕಡಿಮೆಯಾಯಿತು. ಮುಖಪುಟ ಮಾತ್ರ ನಂಬಿದ್ದರೆ ಇದು ಆಗುತ್ತಿರಲಿಲ್ಲ.

ಹಾಗಾಗಿ “ತೆರಿಗೆ ಇಲ್ಲ” ಎಂದು ಓದಿದ ಕೂಡಲೇ ಯಾವ ಆದಾಯಕ್ಕೆ ಎಂದು ಹುಡುಕಿ. ಸ್ಲ್ಯಾಬ್‌ನಲ್ಲೇ ಇಲ್ಲವೋ, ರಿಬೇಟ್‌ನಿಂದ ಇಲ್ಲವೋ ನೋಡಿ. ಯಾವ ವರ್ಷದಿಂದ ಎನ್ನುವುದನ್ನೂ ನೋಡಿ. ಆ ಬಜೆಟ್‌ನ ದರ 2025ರ ಏಪ್ರಿಲ್ ನಂತರದ ಆದಾಯಕ್ಕೆ. ಆದರೆ ಹಿಂದಿನ ವರ್ಷದ ರಿಟರ್ನ್ ಸಲ್ಲಿಸುವಾಗಲೇ “12 ಲಕ್ಷದವರೆಗೆ ಇಲ್ಲ ಅಂದಿದ್ರಲ್ಲ” ಎಂದು ಕೇಳಿದವರು ಬಹಳ ಮಂದಿ.

“ಮಧ್ಯಮ ವರ್ಗಕ್ಕೆ” ಎಂಬ ಮಾತು ಬಂದಾಗಲೂ ಒಂದು ಕ್ಷಣ ನಿಲ್ಲಿ. ಹಿಂದಿನ ವರ್ಷದ ಹೊಸ ಪದ್ಧತಿಯ ದರಕ್ಕೆ ಹೋಲಿಸಿದರೆ 12 ಲಕ್ಷದವರಿಗೆ 80,000 ಉಳಿಯಿತು. 18 ಲಕ್ಷದವರಿಗೆ 70,000. 25 ಲಕ್ಷದವರಿಗೆ 1,10,000. ಹೆಸರು ಒಂದೇ, ಲಾಭ ಬೇರೆ ಬೇರೆ. 2024ರ ಜುಲೈ 31ರ ಹೊತ್ತಿಗೆ ದೇಶದಲ್ಲಿ ಸಲ್ಲಿಕೆಯಾದ ರಿಟರ್ನ್ 7.28 ಕೋಟಿ. ನಮ್ಮ ಮನೆಗಳಲ್ಲಿ ಪಾತ್ರೆ ತೊಳೆಯುವವರು, ಮಿಲ್ಲಿನ ಹಮಾಲರು ಆ ಲೆಕ್ಕದಲ್ಲಿ ಇಲ್ಲ. ಆದಾಯ ತೆರಿಗೆ ಇಳಿದರೆ ಅವರಿಗೆ ನೇರವಾಗಿ ಬರುವುದು ಏನೂ ಇಲ್ಲ. ಸೋಪಿನ ಮೇಲಿನ ತೆರಿಗೆ ಇಳಿದರೆ ಬರುತ್ತದೆ. ನನ್ನನ್ನು ಕೇಳಿದರೆ ಎರಡನೆಯ ಸುದ್ದಿಗೇ ಹೆಚ್ಚು ಜಾಗ ಕೊಡಬೇಕು.

ಶೇಕಡಾ ಎಷ್ಟು ಎನ್ನುವುದಕ್ಕಿಂತ, ಯಾವುದರ ಶೇಕಡಾ

2025ರ ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿಯ 56ನೇ ಸಭೆ ನಡೆಯಿತು. ಶೇ 12 ಮತ್ತು ಶೇ 28ರ ದರಗಳು ಹೋದವು. 5 ಮತ್ತು 18 ಉಳಿದವು, ಕೆಲವಕ್ಕೆ ಮಾತ್ರ 40. ತಂಬಾಕಿನಂಥವು ಬಿಟ್ಟು ಉಳಿದವಕ್ಕೆ ಜಾರಿಯಾದದ್ದು ಸೆಪ್ಟೆಂಬರ್ 22ಕ್ಕೆ, ನವರಾತ್ರಿಯ ಮೊದಲ ದಿನ.

ಟೂತ್‌ಪೇಸ್ಟ್, ಸೋಪು, ಶಾಂಪೂ, ತಲೆಗೆ ಹಚ್ಚುವ ಎಣ್ಣೆ 18ರಿಂದ 5ಕ್ಕೆ ಇಳಿದವು. “ಶೇ 13 ಅಗ್ಗ” ಎಂದು ಆಗಲೇ ವಾಟ್ಸ್ಆ್ಯಪ್‌ನಲ್ಲಿ ಓಡಾಡಿತು. ಅದು ತಪ್ಪು. ತೆರಿಗೆ ಇರುವುದು ಮೂಲ ಬೆಲೆಯ ಮೇಲೆ. ಮೂಲ ಬೆಲೆ 100 ಆದರೆ ನೀವು ಕೊಡುತ್ತಿದ್ದದ್ದು 118, ಈಗ ಕೊಡಬೇಕಾದದ್ದು 105. ಇಳಿದ 13ನ್ನು 118ರಿಂದ ಭಾಗಿಸಿ. ಶೇ 11 ಬರುತ್ತದೆ. ತೆರಿಗೆ ಸೇರಿ 100 ರೂಪಾಯಿ ಇದ್ದ ಪೇಸ್ಟ್ 89 ಆಗಬೇಕು. ಸಿಮೆಂಟ್ 28ರಿಂದ 18ಕ್ಕೆ ಬಂತು. 10ನ್ನು 128ರಿಂದ ಭಾಗಿಸಿದರೆ ಶೇ 7.8. 400 ರೂಪಾಯಿಯ ಚೀಲ 369ರ ಹತ್ತಿರ ಬರಬೇಕು, 360 ಅಲ್ಲ. ಮನೆ ಕಟ್ಟಿಸುತ್ತಿರುವವರಿಗೆ ಈ ವ್ಯತ್ಯಾಸ ಚಿಕ್ಕದಲ್ಲ. ಅಂಗಡಿಯವನ ಜೊತೆ ಸುಮ್ನೆ ಜಗಳ ಆಗುವುದೂ ತಪ್ಪುತ್ತದೆ.

ಇದನ್ನು ನಂದಿನಿ ತುಪ್ಪದ ಮೇಲೆ ಹಾಕಿ ನೋಡಿ. ತುಪ್ಪ 12ರಿಂದ 5ಕ್ಕೆ ಇಳಿಯಿತು. 1 ಲೀಟರ್‌ಗೆ 650 ರೂಪಾಯಿ ಇತ್ತು. 650ನ್ನು 112ರಿಂದ ಭಾಗಿಸಿ, 105ರಿಂದ ಗುಣಿಸಿ. 609 ಚಿಲ್ಲರೆ ಬರುತ್ತದೆ. ಕೆಎಂಎಫ್ ಸೆಪ್ಟೆಂಬರ್ 22ರಿಂದ 610 ಮಾಡಿತು. ಅಂದರೆ ಇಳಿಸಬೇಕಾದಷ್ಟನ್ನು ಇಳಿಸಿದೆ ಎಂದು ನೀವೇ ಹೇಳಬಹುದು, ಯಾವ ಸ್ಪೋಕ್ಸ್‌ಪರ್ಸನ್ ಹೇಳುವುದೂ ಬೇಡ. ಈ 610ನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಅದೇ ವಾರ “ಹಾಲು ಅಗ್ಗ” ಎಂದೂ ಬಂತು. ನೀವು ಬೆಳಿಗ್ಗೆ ತರುವ ಮಾಮೂಲಿ ಪ್ಯಾಕೆಟ್ ಹಾಲಿಗೆ ಮೊದಲೂ ಜಿಎಸ್‌ಟಿ ಇರಲಿಲ್ಲ. ಇಲ್ಲದ ತೆರಿಗೆ ಇಳಿಯುವುದು ಹೇಗೆ? ಸೊನ್ನೆಯಾದದ್ದು ತಿಂಗಳುಗಟ್ಟಲೆ ಕೆಡದ, ಡಬ್ಬದಂಥ ಪೊಟ್ಟಣದ ಯುಎಚ್‌ಟಿ ಹಾಲಿಗೆ. ನಂದಿನಿ ಗುಡ್‌ಲೈಫ್ 70ರಿಂದ 68 ಆಯಿತು, ಅಷ್ಟೇ.

ದೊಡ್ಡ ಕಾರುಗಳ ವಿಷಯದಲ್ಲಿ ಉಲ್ಟಾ. “ಐಷಾರಾಮಿ ಕಾರಿಗೆ ಶೇ 40ರ ಬರೆ” ಎಂಬಂತೆ ಸುದ್ದಿ ಬಂತು. ಮೊದಲು ದೊಡ್ಡ ಎಸ್‌ಯುವಿಗಳಿಗೆ 28ರ ಜೊತೆ ಶೇ 22ರವರೆಗೆ ಪರಿಹಾರ ಸೆಸ್ ಇತ್ತು. ಒಟ್ಟು 50. ಸೆಸ್ ತೆಗೆದು 40 ಮಾಡಿದರೆ ಅದು ಇಳಿಕೆ. ಎಂದೂ ದರ ಮಾತ್ರ ನೋಡಬೇಡಿ, ಸೆಸ್ ಸೇರಿಸಿ ನೋಡಿ.

5 ರೂಪಾಯಿಯ ಬಿಸ್ಕತ್ ಪ್ಯಾಕಿನಲ್ಲಿ ಬೆಲೆ ಹಾಗೇ ಇದ್ದು ತೂಕ ಬದಲಾಗಬಹುದು, ಹಾಗಾಗಿ ಬೆಲೆ ನೋಡಿದರೆ ಏನೂ ತಿಳಿಯುವುದಿಲ್ಲ. ಗ್ರಾಂ ನೋಡಿ.

ಎಲ್ಲಿಂದ ಎಣಿಸುತ್ತಿದ್ದಾರೆ?

ಚರ್ಚೆಯಲ್ಲಿ ಅತಿ ಹೆಚ್ಚು ಮೋಸ ಆಗುವುದು ಇಲ್ಲಿ. ಹೇಳಿದ ಅಂಕಿ ಸುಳ್ಳಾಗಿರುವುದಿಲ್ಲ. ಶುರುವಿನ ತಾರೀಕನ್ನು ಮಾತ್ರ ಬೇಕಾದ ಹಾಗೆ ಆರಿಸಿಕೊಂಡಿರುತ್ತಾರೆ.

ಪೆಟ್ರೋಲ್ ನೋಡಿ. 2021ರ ದೀಪಾವಳಿಯ ಹೊತ್ತಿಗೆ ಕೇಂದ್ರ ಅಬಕಾರಿ ಸುಂಕವನ್ನು ಪೆಟ್ರೋಲ್‌ಗೆ 5, ಡೀಸೆಲ್‌ಗೆ 10 ರೂಪಾಯಿ ಇಳಿಸಿತು. 2022ರ ಮೇನಲ್ಲಿ ಮತ್ತೆ 8 ಮತ್ತು 6. ಎರಡೂ ಸಲ ದೊಡ್ಡ ಸುದ್ದಿ. ಕೂಡಿಸಿದರೆ ಪೆಟ್ರೋಲ್‌ಗೆ 13, ಡೀಸೆಲ್‌ಗೆ 16. ಈಗ ಸ್ವಲ್ಪ ಹಿಂದೆ ಹೋಗಿ. 2020ರ ಮಾರ್ಚ್ ಮತ್ತು ಮೇನಲ್ಲಿ, ಕಚ್ಚಾ ತೈಲದ ಬೆಲೆ ನೆಲ ಕಚ್ಚಿದ್ದಾಗ, ಕೇಂದ್ರ ಇದೇ ಸುಂಕವನ್ನು ಪೆಟ್ರೋಲ್‌ಗೆ 13, ಡೀಸೆಲ್‌ಗೆ 16 ರೂಪಾಯಿ ಏರಿಸಿತ್ತು. 2021ರಿಂದ ಎಣಿಸಿದರೆ ಭಾರಿ ಇಳಿಕೆ. 2020ರ ಶುರುವಿನಿಂದ ಎಣಿಸಿದರೆ ಇದ್ದಲ್ಲಿಗೇ ಬಂದದ್ದು. ಎರಡೂ ನಿಜ. ಪೇಪರ್ ಎರಡನ್ನೂ ಒಂದೇ ಜಾಗದಲ್ಲಿ ಹೇಳಬೇಕು.

ಇದು ಒಂದೇ ಪಕ್ಷದ ಅಭ್ಯಾಸ ಎಂದು ಭಾವಿಸಬೇಡಿ. 2021ರ ನವೆಂಬರ್‌ನಲ್ಲಿ ಬಸವರಾಜ ಬೊಮ್ಮಾಯಿ ಸರ್ಕಾರ ರಾಜ್ಯದ ತೆರಿಗೆಯಲ್ಲಿ 7 ರೂಪಾಯಿ ಇಳಿಸಿತು. ಪೆಟ್ರೋಲ್ ಮೇಲಿನ ಮಾರಾಟ ತೆರಿಗೆ ಶೇ 35ರಿಂದ 25.9ಕ್ಕೆ ಬಂತು. 2024ರ ಜೂನ್‌ನಲ್ಲಿ, ಲೋಕಸಭಾ ಚುನಾವಣೆ ಮುಗಿದ ಮೇಲೆ, ಸಿದ್ದರಾಮಯ್ಯ ಸರ್ಕಾರ ಅದನ್ನು 29.84ಕ್ಕೆ ಏರಿಸಿತು. ಪೆಟ್ರೋಲ್ 3 ರೂಪಾಯಿ ಜಾಸ್ತಿಯಾಯಿತು. ಬಿಜೆಪಿ 25.9ರಿಂದ ಎಣಿಸಿ ಬೀದಿಗಿಳಿಯಿತು. ಮುಖ್ಯಮಂತ್ರಿ ಪಕ್ಕದ ರಾಜ್ಯಗಳಿಗೆ ಹೋಲಿಸಿ ನಮ್ಮಲ್ಲಿ ಕಡಿಮೆ ಎಂದರು. ಒಬ್ಬರು ತಾರೀಕು ಆರಿಸಿಕೊಂಡರು, ಇನ್ನೊಬ್ಬರು ನಕ್ಷೆ ಆರಿಸಿಕೊಂಡರು. ನೀವು ಮಾಡಬೇಕಾದದ್ದು ಇಷ್ಟು: ಹಾಳೆಯ ಮೇಲೆ ಒಂದು ಗೆರೆ ಎಳೆದು ವರ್ಷ ಮತ್ತು ದರ ಬರೆಯಿರಿ. 35, 25.9, 29.84. ಮೂರು ಅಂಕಿ ಪಕ್ಕಪಕ್ಕ ಬಂದ ಮೇಲೆ ಯಾರ ಮಾತಿನಲ್ಲಿ ಯಾವುದು ಬಿಟ್ಟುಹೋಗಿದೆ ಎಂದು ತಾನಾಗಿಯೇ ಕಾಣುತ್ತದೆ.

ಖೋತಾ ಯಾರದ್ದು?

ಇಳಿದ ತೆರಿಗೆ ಯಾರದೋ ಲೆಕ್ಕದಲ್ಲಿ ಖೋತಾ ಆಗಿಯೇ ಆಗಬೇಕು. ಈ ಭಾಗಕ್ಕೆ ಮಾಧ್ಯಮ ಕೊಡುವ ಜಾಗ ಬಹಳ ಕಡಿಮೆ, ಹಾಗಾಗಿ ನಾನು ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

2025ರ ಬಜೆಟ್‌ನಲ್ಲಿ ಆದಾಯ ತೆರಿಗೆ ಇಳಿಸಿದ್ದರಿಂದ ಸುಮಾರು 1 ಲಕ್ಷ ಕೋಟಿ ರೂಪಾಯಿ ಕಡಿಮೆಯಾಗುತ್ತದೆ ಎಂದು ಸಚಿವೆ ಭಾಷಣದಲ್ಲೇ ಹೇಳಿದರು. ಆದರೆ ಆದಾಯ ತೆರಿಗೆ ಕೇಂದ್ರದ್ದು ಮಾತ್ರ ಅಲ್ಲ. ಆ ವರ್ಷಕ್ಕೆ ಅನ್ವಯವಾಗುತ್ತಿದ್ದ 15ನೇ ಹಣಕಾಸು ಆಯೋಗದ ಪ್ರಕಾರ ಹಂಚಿಕೆಯ ತೆರಿಗೆಯಲ್ಲಿ ಶೇ 41 ರಾಜ್ಯಗಳಿಗೆ ಹೋಗುತ್ತದೆ. ಆ 1 ಲಕ್ಷ ಕೋಟಿ ಬಂದಿದ್ದರೆ ಸುಮಾರು 41,000 ಕೋಟಿ ರಾಜ್ಯಗಳದ್ದಾಗುತ್ತಿತ್ತು. ಅದರಲ್ಲಿ ಕರ್ನಾಟಕದ ಪಾಲು ಆಗ ಶೇ 3.647, ಅಂದರೆ ಸುಮಾರು 1,500 ಕೋಟಿ. “ಕೇಂದ್ರದ ಕೊಡುಗೆ” ಎಂದು ಬರೆದ ಪೇಪರು ಈ 1,500 ಕೋಟಿಯನ್ನೂ ಅದೇ ಸುದ್ದಿಯಲ್ಲಿ ಬರೆಯಬೇಕಿತ್ತು. ಹಾಗೆಯೇ, “ನನ್ನ ತೆರಿಗೆ ನನ್ನ ಹಕ್ಕು” ಎಂದು ರಾಜ್ಯ ಸರ್ಕಾರ 2024ರ ಫೆಬ್ರುವರಿಯಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ಕೂತಾಗ, ಕರ್ನಾಟಕದ ಪಾಲು 4.713ರಿಂದ 3.647ಕ್ಕೆ ಇಳಿದದ್ದು ಹಣಕಾಸು ಆಯೋಗದ ಶಿಫಾರಸಿನಿಂದ ಎಂಬುದನ್ನೂ ಬರೆಯಬೇಕಿತ್ತು.

ಸೆಸ್ ಮತ್ತು ಸರ್ಚಾರ್ಜ್ ಬೇರೆ. ಅವು ರಾಜ್ಯಗಳ ಜೊತೆ ಹಂಚುವ ಗಂಟಿಗೆ ಸೇರುವುದಿಲ್ಲ. 2022ರ ಮೇನಲ್ಲಿ ಇಂಧನದ ಮೇಲೆ ಇಳಿಸಿದ್ದು ರಸ್ತೆ ಮತ್ತು ಮೂಲಸೌಕರ್ಯದ ಸೆಸ್. ಅದರ ಭಾರ ಕೇಂದ್ರದ ಮೇಲೇ ಬಿತ್ತು. ಹಾಗಾಗಿ “ಇಳಿಸಿದ್ದು ತೆರಿಗೆಯೋ ಸೆಸ್ಸೋ” ಎಂಬ ಒಂದು ಪ್ರಶ್ನೆ ಕೇಳಿದರೆ ಅರ್ಧ ವಾದ ಬಗೆಹರಿಯುತ್ತದೆ.

ಇನ್ನು ಜಿಎಸ್‌ಟಿ. ಇದರಲ್ಲಿ ಅರ್ಧ ರಾಜ್ಯಕ್ಕೆ ನೇರವಾಗಿ ಬರುತ್ತದೆ. ಕೇಂದ್ರದ ಅರ್ಧದಲ್ಲೂ ಶೇ 41 ರಾಜ್ಯಗಳಿಗೆ. ಕೂಡಿಸಿದರೆ 100 ರೂಪಾಯಿ ಖೋತಾದಲ್ಲಿ ಸುಮಾರು 70 ರಾಜ್ಯಗಳ ಮೇಲೆ ಬೀಳುತ್ತದೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ರಾಜ್ಯಗಳಿಗೆ ಐದು ವರ್ಷ ನಷ್ಟ ಪರಿಹಾರದ ಭರವಸೆ ಇತ್ತು. ಅದು 2022ರ ಜೂನ್‌ಗೆ ಮುಗಿಯಿತು.

2025ರ ಸೆಪ್ಟೆಂಬರ್‌ನ ಇಳಿಕೆಗೆ ಮೂರು ಅಂಕಿ ಓಡಾಡಿದವು. ಹಣಕಾಸು ಸಚಿವಾಲಯ 48,000 ಕೋಟಿ ಎಂದಿತು. ಕರ್ನಾಟಕವೂ ಸೇರಿ ವಿರೋಧ ಪಕ್ಷಗಳ ಆಡಳಿತದ ಎಂಟು ರಾಜ್ಯಗಳು ವರ್ಷಕ್ಕೆ 1.5ರಿಂದ 2 ಲಕ್ಷ ಕೋಟಿ ಎಂದವು. ಎಸ್‌ಬಿಐ ಸಂಶೋಧನಾ ವಿಭಾಗ 3,700 ಕೋಟಿ ಎಂದಿತು. ಟಿವಿಯಲ್ಲಿ ಒಬ್ಬೊಬ್ಬರು ಒಂದೊಂದನ್ನು ಹಿಡಿದು ಕೂಗಿದರು. ಮೂರರಲ್ಲಿ ಯಾವುದು ಸುಳ್ಳು ಎಂದು ಹುಡುಕುವುದು ಬಿಡಿ. ಯಾವುದನ್ನು ಹೇಗೆ ಎಣಿಸಿದರು ಎಂದು ಕೇಳಿ. ಸಚಿವಾಲಯದ್ದು 2023–24ರ ಮಾರಾಟದ ಮೇಲಿನ ಲೆಕ್ಕ. ಸುಮಾರು 93,000 ಕೋಟಿ ಹೋಗುತ್ತದೆ, 40ರ ದರದಿಂದ 45,000 ಕೋಟಿ ಬರುತ್ತದೆ, ಉಳಿದದ್ದು 48,000. ಎಸ್‌ಬಿಐನವರು ಬೆಲೆ ಇಳಿದರೆ ಜನ ಜಾಸ್ತಿ ಕೊಳ್ಳುತ್ತಾರೆ ಎಂಬುದನ್ನು ಸೇರಿಸಿಕೊಂಡರು. ಅಂದರೆ ಮುಂದೆ ಆಗಬಹುದಾದ್ದು ಅದರೊಳಗಿದೆ.

ಕರ್ನಾಟಕ ಸರ್ಕಾರ ತನ್ನೊಂದರ ನಷ್ಟವೇ ವರ್ಷಕ್ಕೆ ಸುಮಾರು 15,000 ಕೋಟಿ ಎಂದಿತು. ಇದನ್ನು 48,000ದ ಪಕ್ಕ ಇಟ್ಟು ನೋಡಿ. 48,000ದಲ್ಲಿ ಎಲ್ಲ ರಾಜ್ಯಗಳ ಭಾಗ ಸೇರಿ ಸುಮಾರು 34,000. ಅದರಲ್ಲಿ ಕರ್ನಾಟಕ ಒಂದರದ್ದೇ 15,000 ಇರಲು ಸಾಧ್ಯವಿಲ್ಲ. ರಾಜ್ಯಗಳ 1.5 ಲಕ್ಷ ಕೋಟಿಯ ಲೆಕ್ಕಕ್ಕೆ ಅದು ಹೊಂದುತ್ತದೆ. ಅಂದರೆ ಇಬ್ಬರೂ ಬೇರೆ ಬೇರೆ ತಳಹದಿಯ ಮೇಲೆ ಎಣಿಸಿದ್ದಾರೆ. ಒಂದೇ ಸುದ್ದಿಯಲ್ಲಿ 48,000 ಮತ್ತು 15,000 ಎರಡನ್ನೂ ವಿವರಣೆ ಇಲ್ಲದೆ ಹಾಕಿದ್ದರೆ, ಬರೆದವರು ಭಾಗಾಕಾರ ಮಾಡಿಲ್ಲ ಎಂದರ್ಥ. ನೀವು ಮಾಡಿ.

ಆ ವಾರದ ಚರ್ಚೆಯಲ್ಲಿ ನನಗೆ ಬೇಸರ ತಂದ ಇನ್ನೊಂದು ವಿಷಯ ಇದೆ. ಆ ಎಂಟು ರಾಜ್ಯಗಳು ದರ ಇಳಿಕೆಯನ್ನು ವಿರೋಧಿಸಿರಲಿಲ್ಲ. ನಷ್ಟ ತುಂಬಿಕೊಡಿ, ಲಾಭ ಗ್ರಾಹಕರಿಗೆ ತಲುಪುವಂತೆ ನೋಡಿ, ತಂಬಾಕಿನಂಥವುಗಳ ಮೇಲೆ ಹೆಚ್ಚುವರಿ ಸುಂಕ ಹಾಕಿ ಎಂದು ಕೇಳಿದ್ದವು. ಮಂಡಳಿಯ ತೀರ್ಮಾನ ಸರ್ವಾನುಮತದ್ದು. ಆದರೂ ಪರದೆಯ ಮೇಲೆ ಅದು “ಪರ–ವಿರೋಧ”ವಾಗಿಯೇ ಓಡಿತು. ಕಾಂಗ್ರೆಸ್ಸಿನ ಪಿ. ಚಿದಂಬರಂ ಇಳಿಕೆಯನ್ನು ಸ್ವಾಗತಿಸಿ, ಆದರೆ ಎಂಟು ವರ್ಷ ತಡ ಎಂದರು. ಅದರಲ್ಲಿ “ಸ್ವಾಗತ”ವನ್ನು ಒಬ್ಬರು, “ತಡ”ವನ್ನು ಇನ್ನೊಬ್ಬರು ಕತ್ತರಿಸಿ ತೋರಿಸಬಹುದು. ಹೇಳಿಕೆಯ ಪೂರ್ತಿ ವಾಕ್ಯ ಸಿಗುವವರೆಗೆ ಅದರ ಮೇಲೆ ಅಭಿಪ್ರಾಯ ಕಟ್ಟಿಕೊಳ್ಳಬೇಡಿ.

ಪೇಪರನ್ನು ಯಾವ ಕ್ರಮದಲ್ಲಿ ಓದಬೇಕು

ನಾನು ಓದುವುದು ಹೀಗೆ. ಮೊದಲು ಪುಟದ ಮೇಲೆ ಮೂಲೆಯಲ್ಲಿ “ಜಾಹೀರಾತು” ಎಂದಿದೆಯೇ ನೋಡುತ್ತೇನೆ. ತೆರಿಗೆ ಇಳಿದ ದಿನಗಳಲ್ಲಿ ಸರ್ಕಾರದ್ದೂ ಕಂಪನಿಗಳದ್ದೂ ಪೂರ್ತಿ ಪುಟದ ಜಾಹೀರಾತು ಬರುತ್ತದೆ. ಅದು ಸುದ್ದಿಯಂತೆಯೇ ಕಾಣುತ್ತದೆ. ಆಮೇಲೆ ಸ್ಲ್ಯಾಬ್‌ನ ಪಟ್ಟಿ, ಸಚಿವರ ಭಾಷಣದ ಭಾಗ. ನಾಯಕರ ಪ್ರತಿಕ್ರಿಯೆ ಕೊನೆಗೆ. “ಮೂಲಗಳ ಪ್ರಕಾರ” ಎಂದು ಬಜೆಟ್‌ಗೆ ಮುಂಚೆ ಬರುವ ನಿರೀಕ್ಷೆಯ ಸುದ್ದಿಗಳನ್ನು ನಾನು ಓದುವುದನ್ನೇ ಬಿಟ್ಟಿದ್ದೇನೆ.

“ಯಾವುದು ಅಗ್ಗ, ಯಾವುದು ದುಬಾರಿ” ಎಂಬ ಪೆಟ್ಟಿಗೆ ಹಳೆಯ ಕಾಲದಿಂದ ಬಂದದ್ದು. 2017ರ ಜುಲೈ ನಂತರ ಹೆಚ್ಚಿನ ವಸ್ತುಗಳ ತೆರಿಗೆ ತೀರ್ಮಾನವಾಗುವುದು ಜಿಎಸ್‌ಟಿ ಮಂಡಳಿಯಲ್ಲಿ, ಬಜೆಟ್‌ನಲ್ಲಿ ಅಲ್ಲ. ಬಜೆಟ್ ದಿನ ಬದಲಾಗುವುದು ಮುಖ್ಯವಾಗಿ ಆಮದು ಸುಂಕ. 2025ರಲ್ಲಿ 36 ಜೀವರಕ್ಷಕ ಔಷಧಗಳಿಗೆ ಆಮದು ಸುಂಕ ತೆಗೆದರು. ಅವು ಕ್ಯಾನ್ಸರ್, ಅಪರೂಪದ ಕಾಯಿಲೆಯಂಥವಕ್ಕೆ. ಪೆಟ್ಟಿಗೆಯಲ್ಲಿ “ಔಷಧ ಅಗ್ಗ” ಎಂದಷ್ಟೇ ಇದ್ದರೆ, ಬಿಪಿ ಮಾತ್ರೆ ತೆಗೆದುಕೊಳ್ಳುವವರು ಮೆಡಿಕಲ್ ಶಾಪಿಗೆ ಹೋಗಿ ನಿರಾಸೆಯಿಂದ ವಾಪಸ್ ಬರುತ್ತಾರೆ.

ಟಿವಿ ಚರ್ಚೆ ನೋಡುವುದಾದರೆ ಪೆನ್ನು ಹಿಡಿದು ನೋಡಿ. ನಿರೂಪಕರು ಕೇಳಿದ ಪ್ರಶ್ನೆ ಬರೆದುಕೊಳ್ಳಿ, ಅದರ ಎದುರು ಬಂದ ಉತ್ತರ ಬರೆಯಿರಿ. ತುಪ್ಪದ ಬೆಲೆ ಕೇಳಿದರೆ 2014ಕ್ಕೆ ಮುಂಚೆ ಏನಿತ್ತು ಎಂಬ ಉತ್ತರ ಬರುತ್ತದೆ. ಪರಿಹಾರ ಕೇಳಿದರೆ ಗ್ಯಾರಂಟಿ ಯೋಜನೆಯ ಮಾತು ಬರುತ್ತದೆ. “ಆರ್ಥಿಕ ತಜ್ಞರು” ಎಂಬ ಪಟ್ಟಿಯ ಕೆಳಗೆ ಅವರು ಯಾವ ಪಕ್ಷ, ಯಾವ ಕಂಪನಿ, ಯಾವ ಸಂಸ್ಥೆಯವರು ಎಂದು ಇಲ್ಲದಿದ್ದರೆ ಹುಡುಕಿ ನೋಡಿ. ಒಂದು ಗಂಟೆಯಲ್ಲಿ ನಿಮ್ಮ ಹಾಳೆಯ ಮೇಲೆ ಒಂದೂ ಅಂಕಿ ಬೀಳದಿದ್ದರೆ, ಬಜೆಟ್ ದಾಖಲೆಯ ಜಾಲತಾಣದಲ್ಲಿ ಭಾಷಣದ ಕೊನೆಯ ಅನುಬಂಧ ಓದಿ. ಅದು ಉಚಿತ, ಅಷ್ಟೇನೂ ಕಷ್ಟದ್ದೂ ಅಲ್ಲ.

ಮೂರು ತಿಂಗಳು ಬಿಟ್ಟು ಮತ್ತೆ ನೋಡಿ

ಕೂಗಾಟ ಮುಗಿದ ಮೇಲೆ ಯಾರೂ ಹಿಂದಿರುಗಿ ನೋಡುವುದಿಲ್ಲ. ನಿಮ್ಮ ಹಳೆಯ ಬಿಲ್ ಇಟ್ಟುಕೊಳ್ಳಿ ಎಂದು ನಾನು ಹೇಳುವುದು ಅದಕ್ಕೇ.

ನಂದಿನಿ ತುಪ್ಪ ಸೆಪ್ಟೆಂಬರ್‌ನಲ್ಲಿ 610 ಆಗಿತ್ತಲ್ಲ, ನವೆಂಬರ್ ಶುರುವಿನಲ್ಲಿ ಕೆಎಂಎಫ್ ಅದನ್ನು 700 ಮಾಡಿತು. ಮಾರುಕಟ್ಟೆಯ ಬೆಲೆ, ಬೇಡಿಕೆ ಏರಿದೆ ಎಂದು ಕಾರಣ ಕೊಟ್ಟಿತು. ಈಗ ಒಬ್ಬರು “ತೆರಿಗೆ ಇಳಿಕೆಯಿಂದ ಏನೂ ಪ್ರಯೋಜನ ಆಗಲಿಲ್ಲ” ಎನ್ನುತ್ತಾರೆ, ಇನ್ನೊಬ್ಬರು “ಕೇಂದ್ರ ಇಳಿಸಿದ್ದನ್ನು ರಾಜ್ಯ ಕಿತ್ತುಕೊಂಡಿತು” ಎನ್ನುತ್ತಾರೆ. ಲೆಕ್ಕ ಹಾಕಿ. 700ರಲ್ಲಿ ಶೇ 5ರ ತೆರಿಗೆ ಇದೆ. ಹಳೆಯ 12 ಇದ್ದಿದ್ದರೆ ಅದೇ ತುಪ್ಪ ಸುಮಾರು 747 ಆಗುತ್ತಿತ್ತು. ಅಂದರೆ ತೆರಿಗೆಯ ಉಳಿತಾಯ ಸುಮಾರು 47 ರೂಪಾಯಿ ಆಗಲೂ ಇತ್ತು. ಜೊತೆಗೆ, ಸೆಪ್ಟೆಂಬರ್‌ಗೆ ಮುಂಚೆ ಕೊಡುತ್ತಿದ್ದ 650ಕ್ಕಿಂತ ನೀವು 50 ಜಾಸ್ತಿ ಕೊಟ್ಟಿರಿ ಎಂಬುದೂ ಅಷ್ಟೇ ನಿಜ. ಎರಡನ್ನೂ ಹೇಳುವವರ ಮಾತು ಕೇಳಿ.

ಅಂಗಡಿಯಲ್ಲಿ ಇಳಿಸಬೇಕಾದ್ದನ್ನು ಇಳಿಸಿಲ್ಲ ಎನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ತೆರಿಗೆ ಇಳಿಕೆಯ ಲಾಭ ಕೊಡದವರ ಮೇಲಿನ ಹಳೆಯ ಲಾಭಕೋರತನ ವಿರೋಧಿ ನಿಯಮದಡಿ ಹೊಸ ದೂರು ತೆಗೆದುಕೊಳ್ಳುವುದು 2025ರ ಏಪ್ರಿಲ್ 1ಕ್ಕೇ ನಿಂತಿದೆ. ಇಷ್ಟು ದೊಡ್ಡ ದರ ಇಳಿಕೆಗೆ ಸುಮಾರು ಆರು ತಿಂಗಳು ಮುಂಚೆ ಆ ಬಾಗಿಲು ಮುಚ್ಚಿದ್ದು ಸಾಕಷ್ಟು ಚರ್ಚೆಯಾಗಬೇಕಿದ್ದ ವಿಷಯ.

ಕಂಪನಿಗಳ ತೆರಿಗೆಯ ವಿಷಯದಲ್ಲಿ ಮೂರು ತಿಂಗಳು ಸಾಲದು, ವರ್ಷಗಳೇ ಬೇಕು. 2019ರ ಸೆಪ್ಟೆಂಬರ್ 20ರಂದು ಕಂಪನಿ ತೆರಿಗೆಯ ಮೂಲ ದರ 30ರಿಂದ 22ಕ್ಕೆ ಬಂತು, ಹೊಸ ಉತ್ಪಾದನಾ ಕಂಪನಿಗಳಿಗೆ 15. ಖೋತಾ ವರ್ಷಕ್ಕೆ 1.45 ಲಕ್ಷ ಕೋಟಿ ಎಂದು ಸರ್ಕಾರವೇ ಹೇಳಿತು. ಅಂದು ಸೆನ್ಸೆಕ್ಸ್ 1,921 ಅಂಶ ಏರಿತು, ಮರುದಿನ ಅದೇ ದೊಡ್ಡ ಸುದ್ದಿ. ಹೂಡಿಕೆ ಮತ್ತು ಉದ್ಯೋಗ ಬರುತ್ತವೆ ಎಂಬುದು ಆಗಿನ ವಾದ. ಷೇರುಪೇಟೆ ಒಂದು ಮಧ್ಯಾಹ್ನ ಏರಿದ್ದರಿಂದ ಆ ವಾದ ಸರಿಯೋ ತಪ್ಪೋ ಎಂದು ತಿಳಿಯುವುದಿಲ್ಲ. ಕಂಪನಿ ತೆರಿಗೆಯ ಸಂಗ್ರಹ 2018–19ರಲ್ಲಿ 6.63 ಲಕ್ಷ ಕೋಟಿ ಇದ್ದದ್ದು ಮರುವರ್ಷ 5.57 ಲಕ್ಷ ಕೋಟಿ ಆಯಿತು. ಆಗ ಆರ್ಥಿಕತೆಯೂ ನಿಧಾನವಾಗಿತ್ತು, ಎಲ್ಲವನ್ನೂ ದರದ ಮೇಲೆ ಹಾಕುವಂತಿಲ್ಲ. 2023–24ಕ್ಕೆ ಅದು 9.11 ಲಕ್ಷ ಕೋಟಿಗೆ ಏರಿತು.

ಇದನ್ನು ಮನೆಯಲ್ಲೇ ಗಮನಿಸಲು ಸುಲಭದ ದಾರಿ ಇದೆ. ಪ್ರತಿ ಬಜೆಟ್ ಮರುದಿನ ಪೇಪರಿನಲ್ಲಿ “ರೂಪಾಯಿ ಬಂದದ್ದು, ಹೋದದ್ದು” ಎಂಬ ದುಂಡನೆಯ ಚಿತ್ರ ಬರುತ್ತದೆ. ಕತ್ತರಿಸಿ, ಮೇಲೆ ವರ್ಷ ಬರೆದು ಫೈಲಿನಲ್ಲಿಡಿ. ನನ್ನ ಫೈಲಿನಲ್ಲಿ 2019–20ರ ಚಿತ್ರದಲ್ಲಿ ಒಂದು ರೂಪಾಯಿಗೆ ಕಂಪನಿ ತೆರಿಗೆ 21 ಪೈಸೆ, ಜನರ ಆದಾಯ ತೆರಿಗೆ 16 ಪೈಸೆ. 2025–26ರದ್ದರಲ್ಲಿ ಕಂಪನಿ ತೆರಿಗೆ 17, ಆದಾಯ ತೆರಿಗೆ 22, ಜಿಎಸ್‌ಟಿ 18, ಸಾಲ 24. ಅದೂ 12 ಲಕ್ಷದ ಇಳಿಕೆ ಕೊಟ್ಟ ವರ್ಷದ ಅಂದಾಜು. ಈ ಎರಡು ಚಿತ್ರವನ್ನು ಅಕ್ಕಪಕ್ಕ ಮುದ್ರಿಸಿದ ಪೇಪರನ್ನು ನಾನು ಆ ವಾರ ಹುಡುಕಿದೆ, ಸಿಗಲಿಲ್ಲ.

ಹಾಗಾಗಿ ನಾನು ಓದುವ ಪತ್ರಿಕೆಯ ವಾಚಕರ ವಾಣಿಗೆ ಎರಡು ಸಾಲು ಬರೆದೆ. ಮುಂದಿನ ಬಜೆಟ್ ದಿನ ಐದು ವರ್ಷ ಹಿಂದಿನ ರೂಪಾಯಿ ಚಿತ್ರವನ್ನೂ ಪಕ್ಕದಲ್ಲಿ ಹಾಕಿ. ತೆರಿಗೆ ಇಳಿದರೆ ಅದರಲ್ಲಿ ರಾಜ್ಯದ ಖೋತಾ ಎಷ್ಟು ಎಂದು ಮುಖಪುಟದಲ್ಲೇ ಬರೆಯಿರಿ. ನೀವೂ ನಿಮ್ಮ ಪತ್ರಿಕೆಗೆ ಬರೆಯಿರಿ, ಚಾನೆಲ್‌ಗೂ ಬರೆಯಿರಿ. ಪತ್ರ ಚಿಕ್ಕದಾಗಿರಲಿ, ಯಾವ ಅಂಕಿ ಬೇಕು ಎಂಬುದನ್ನು ಸ್ಪಷ್ಟವಾಗಿ ಕೇಳಿ.